ನೀರು ಸೋಕದ ಮದ್ದು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವಳು ನಮ್ಮ ದೊಡ್ಡಮ್ಮ ಗೌರಮ್ಮ. ಹೇಳುವ ಮುಂಚೆ ನನ್ನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿದಳು. ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದಳು, ನಾಲಿಗೆ ಚಾಚಿಸಿದಳು, ಉಗುರು ಒತ್ತಿ ಬಿಟ್ಟಳು. ನಾನು ಪಿಯುಸಿ ಪಾಸಾಗಿ ಜಯನಗರದ ಕಾಲೇಜಿನಿಂದ ಬಿ.ಎಸ್ಸಿ. ಅರ್ಜಿ ತಂದಿದ್ದ ದಿನ ಅದು. ಅಪ್ಪ ಗಾರೆ ಕೆಲಸ ಮುಗಿಸಿ ಬಂದು ಜಗಲಿಯ ಮೇಲೆ ಕೂತು ಕಾಲಿಗಂಟಿದ ಸಿಮೆಂಟು ಕೆರೆದುಕೊಳ್ಳುತ್ತಿದ್ದರು.

"ಈ ಮೈಗೆ ಡಿಗ್ರಿ ಹತ್ತಲ್ಲ ಕಣಪ್ಪ," ಎಂದು ದೊಡ್ಡಮ್ಮ ಅಪ್ಪನಿಗೆ ಹೇಳಿದಳು. "ನೀನು ಎಸ್ಸೆಸ್ಸೆಲ್ಸಿ ಮೂರ್ ಸಲ ಕಟ್ದೆ. ನನ್ ಮಗಳು ಪಿಯುಸಿಗೆ ಹೋಗಿ ಆರ್ ತಿಂಗಳಿಗೆ ವಾಪಸ್ ಬಂದ್ಲು. ನಮ್ ಮನೆ ರಕ್ತಕ್ಕೇ ಓದು ಒಗ್ಗಲ್ಲ. ಇವಳ ಕಣ್ಣಲ್ಲೂ ಅದೇ ಐತೆ, ನೋಡ್ಕೊ."

"ಕಣ್ಣಲ್ಲಿ ಏನೈತೆ ದೊಡ್ಡಮ್ಮ?" ಎಂದೆ.

"ಬಿಳುಪು ಐತೆ. ಸುಮ್ನಿರು."

ಅಪ್ಪ ಅರ್ಜಿಗೆ ಸಹಿ ಹಾಕಿದರು, ಆದರೆ ಹಾಕುವ ಮುಂಚೆ ಎರಡು ಸಲ ನನ್ನ ಕಣ್ಣು ನೋಡಿದರು. ದೊಡ್ಡಮ್ಮ ಕಣ್ಣು ನೋಡಿ ಹೇಳಿದ ಮೇಲೆ ಉತ್ತರಹಳ್ಳಿಯ ನಮ್ಮ ಬೀದಿಯಲ್ಲಿ ಎದುರಾಡುವವರು ಇರಲಿಲ್ಲ.

ಆ ಹೆಬ್ಬೆರಳಿನ ವಿಷಯ ಹೇಳಿಬಿಡುತ್ತೇನೆ. ಅದರ ಉಗುರು ನಡುವೆ ಸೀಳಿತ್ತು. ಸೀಳಿನೊಳಗೆ ವರ್ಷಗಟ್ಟಲೆ ಸೊಪ್ಪು ಹಿಂಡಿದ ಹಸಿರು ಕೂತು ಕಪ್ಪಾಗಿ, ಹತ್ತಿರ ಬಂದರೆ ಕೊಳೆತ ಹೂವಿನ ವಾಸನೆ ಹೊಡೆಯುತ್ತಿತ್ತು. ಆ ಬೆರಳಿನಿಂದಲೇ ಅವಳು ರೋಗಿಗಳ ರೆಪ್ಪೆ ಎಳೆಯುತ್ತಿದ್ದಳು, ಅದರಿಂದಲೇ ಕಡ್ಡಿಪುಡಿ ತೆಗೆದು ಒಸಡಿಗೆ ಒತ್ತಿಕೊಳ್ಳುತ್ತಿದ್ದಳು, ಅದನ್ನೇ ಮದ್ದಿನ ಬಟ್ಟಲಿಗೆ ಅದ್ದಿ ನೆಕ್ಕಿ ಹದ ನೋಡುತ್ತಿದ್ದಳು. ನೆಕ್ಕಿದ್ದು ಸಾಲದು ಅನ್ನಿಸಿದರೆ ಮತ್ತೆ ಅದ್ದುತ್ತಿದ್ದಳು.

ದೊಡ್ಡಮ್ಮ ಕಾಮಾಲೆಗೆ ಮದ್ದು ಕೊಡುವವಳು. ಅಪ್ಪನ ಅಣ್ಣನ ಹೆಂಡತಿ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದಳು. ಮದ್ದು ಅವಳ ಅತ್ತೆಯಿಂದ ಬಂದದ್ದು, ಅವರಿಗೆ ಅವರ ಅತ್ತೆಯಿಂದ, ಹೀಗೆ ಐದು ತಲೆಮಾರು. ಹೆತ್ತ ಮಗಳಿಗೂ ಅದನ್ನು ಹೇಳಿಕೊಡುವ ಹಾಗಿಲ್ಲ. ಭಾನುವಾರ ಬೆಳಗಾಗುವಷ್ಟರಲ್ಲಿ ನಮ್ಮ ಜಗಲಿಯ ಮೇಲೆ ಹಳದಿ ಕಣ್ಣಿನ ಜನ ಬಂದು ಕೂತಿರುತ್ತಿದ್ದರು. ಕತ್ರಿಗುಪ್ಪೆಯ ಗಾರ್ಮೆಂಟ್ಸ್ ಹೆಂಗಸರು, ಬನಶಂಕರಿ ಬಸ್ ಸ್ಟ್ಯಾಂಡಿನ ಆಟೋದವರು, ಬಿಟಿಎಂನಿಂದ ಬಂದ ಪಿಜಿ ಹುಡುಗರು. ಒಬ್ಬೊಬ್ಬರ ಕೈಯಲ್ಲೂ ತಂಪು ಪಾನೀಯದ ಹಳೆಯ ಬಾಟಲಿ. ಒಳಗಿದ್ದದ್ದು ಅವರವರ ಆ ದಿನದ ಮೊದಲ ಮೂತ್ರ.

ಅದು ಯಾಕೆಂದರೆ, ದೊಡ್ಡಮ್ಮ ಒಂದು ತೆಂಗಿನ ಚಿಪ್ಪಿನಲ್ಲಿ ನಾಲ್ಕು ಅಗುಳು ಅನ್ನ ಹಾಕಿ, ಅದರ ಮೇಲೆ ಮೂತ್ರ ಹುಯ್ದು, ಒಂದು ಎಲೆಯಡಿಕೆ ಮುಗಿಯುವವರೆಗೆ ಕಾಯುತ್ತಿದ್ದಳು. ಅನ್ನ ಹಳದಿಯಾದರೆ ಕಾಮಾಲೆ. ಆಗದಿದ್ದರೆ ಕೈಸನ್ನೆಯಲ್ಲೇ "ನಿಂಗೇನೂ ಇಲ್ಲ, ಎದ್ದೋಗು. ಬರೀ ಸೋಂಬೇರಿತನ" ಎಂದು ಅಟ್ಟುತ್ತಿದ್ದಳು. ಆಮೇಲೆ ಆ ಅನ್ನವನ್ನು ಅಂಗಳಕ್ಕೆ ಚೆಲ್ಲಿಬಿಡುವಳು. ನಮ್ಮ ಕೋಳಿಗಳು ಅದಕ್ಕೇ ಕಾದಿರುತ್ತಿದ್ದವು. ಹತ್ತನೇ ವಯಸ್ಸಿಗೆ ನಾನು ಮೊಟ್ಟೆ ಬಿಟ್ಟೆ. ಮನೆಯವರು ನನಗೆ ಭಕ್ತಿ ಬಂದಿದೆ ಎಂದುಕೊಂಡರು.

ಮದ್ದಿಗೆ ಕಟ್ಟಳೆಗಳಿದ್ದವು. ಸೊಪ್ಪನ್ನು ಸೂರ್ಯ ಹುಟ್ಟುವ ಮುಂಚೆ ಬರಿಗಾಲಲ್ಲಿ ಹೋಗಿ ಕೀಳಬೇಕು. ರೋಗಿಗಳಿಗೆಲ್ಲ ಮದ್ದು ಕೊಟ್ಟು ಮುಗಿಯುವವರೆಗೆ ಅವಳು ಮಾತಾಡುವಂತಿಲ್ಲ. ಎಲೆಯ ಹೆಸರು ಯಾರಿಗೂ ಹೇಳುವಂತಿಲ್ಲ. ದುಡ್ಡು ಮುಟ್ಟುವಂತಿಲ್ಲ. ಎಲ್ಲಕ್ಕಿಂತ ಗಟ್ಟಿಯಾದ ಕಟ್ಟಳೆ ಒಂದಿತ್ತು: ಕಿತ್ತ ಘಳಿಗೆಯಿಂದ ರೋಗಿಯ ಗಂಟಲಿಗೆ ಇಳಿಯುವವರೆಗೆ ಆ ಸೊಪ್ಪಿಗೆ ನೀರು ಸೋಕಬಾರದು. ಎಲೆ ತೊಳೆಯುವಂತಿಲ್ಲ, ಅರೆಯುವ ಕಲ್ಲು ತೊಳೆಯುವಂತಿಲ್ಲ, ಬಟ್ಟಲು ತೊಳೆಯುವಂತಿಲ್ಲ. ನೀರು ಸೋಕಿದರೆ ಮದ್ದು ಸಾಯುತ್ತದೆ. ಹೀಗಾಗಿ ಸೊಪ್ಪನ್ನು ಒಣಕಲ್ಲಿನ ಮೇಲೆ ಜಜ್ಜಿ, ಹಸಿ ಮೇಕೆ ಹಾಲು ಹಾಕಿ, ತನ್ನ ಸೆರಗಿನಲ್ಲೇ ಸೋಸಿ ಕಂಚಿನ ಬಟ್ಟಲಿಗೆ ಹಿಂಡುವಳು. ಮೂಗು ಒರೆಸಿಕೊಳ್ಳುವುದೂ ಅದೇ ಸೆರಗಿನಲ್ಲಿ. ಒಬ್ಬರು ಕುಡಿದಿಟ್ಟ ಬಟ್ಟಲನ್ನು ಅದರಲ್ಲೇ ಒರೆಸಿ ಮುಂದಿನವರಿಗೆ ಕೊಡುವಳು.

ಒಮ್ಮೆ ಜಯನಗರದ ನಾಲ್ಕನೇ ಬ್ಲಾಕಿನಿಂದ ನಿವೃತ್ತ ಎಂಜಿನಿಯರೊಬ್ಬರು ಹೆಂಡತಿಯ ಜೊತೆ ಕಾರಿನಲ್ಲಿ ಬಂದರು. ಇಸ್ತ್ರಿ ಶರ್ಟು, ಕೈಯಲ್ಲಿ ಸ್ಯಾನಿಟೈಸರು. ಅವರ ಮನೆಯಲ್ಲಿ ನೀರಿನ ಫಿಲ್ಟರು ಎರಡಾದರೂ ಇದ್ದಿರಬೇಕು. ಅಂಥವರು ನಮ್ಮ ಜಗಲಿಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, ಆಟೋದವನು ಕುಡಿದಿಟ್ಟ ಬಟ್ಟಲನ್ನು ಕಣ್ಣು ಮುಚ್ಚಿ ಎತ್ತಿ ಕುಡಿದರು. ಅವತ್ತಿನ ಕೊನೆಯ ರೋಗಿ ಅವರೇ. ಬಾಯಿ ಒರೆಸಿಕೊಂಡು, "ತುಂಬಾ ಥ್ಯಾಂಕ್ಸ್ ಅಮ್ಮ, ಹೋಗಿ ಬರ್ತೀವಿ," ಎಂದರು.

ದೊಡ್ಡಮ್ಮನ ಮೌನ ಅಲ್ಲಿಗೆ ಒಡೆಯಿತು. "ಏನ್ ಸ್ವಾಮಿ, ಕಾಮಾಲೆ ಕಟ್ಕಂಡು ಇನ್ನೊಂದ್ಸಲ ಬತ್ತೀರಾ? ಮದ್ದು ಕುಡಿದೋರು ಬತ್ತೀನಿ ಅನ್ನಬಾರ್ದು. ನಂಗೆ ಉಪಕಾರಾನೂ ಹೇಳಬಾರ್ದು. ಅಷ್ಟ್ ಓದಿದೀರ, ಇಷ್ಟೂ ತಿಳೀದಾ? ಬಾಯ್ ಮುಚ್ಕಂಡು ಎದ್ದೋಗಿ!"

ಆ ಮನುಷ್ಯ ನಿಜಕ್ಕೂ ಬಾಯಿ ಮುಚ್ಚಿಕೊಂಡು, ದೇವಸ್ಥಾನದಿಂದ ಬಂದ ಹಾಗೆ ಹಿಂದೆ ಹಿಂದೆ ನಡೆದು ಕಾರು ಹತ್ತಿದರು. ದೊಡ್ಡಮ್ಮನ ಗತ್ತು ನೋಡಿ ನನಗೆ ಹೆಮ್ಮೆಯಾಯಿತು. ಬಟ್ಟಲು ನೋಡಿ ವಾಕರಿಕೆಯೂ ಬಂತು. ಅವಳ ಜೊತೆ ಬದುಕಿದಷ್ಟು ದಿನವೂ ನನಗೆ ಈ ಎರಡೂ ಒಟ್ಟಿಗೇ ಬರುತ್ತಿದ್ದವು.

ಬಿ.ಎಸ್ಸಿ.ಯಲ್ಲಿ ನಾನು ಮೈಕ್ರೋಬಯಾಲಜಿ ತೆಗೆದುಕೊಂಡೆ. ಕಣ್ಣಿಗೆ ಕಾಣದ ಕ್ರಿಮಿಗಳ ಪಾಠ. ಬೆಳಿಗ್ಗೆ ನಾಲ್ಕು ಮನೆಗಳಿಗೆ ಹಾಲು ಹಾಕಿ, ಬಸ್ಸಿನಲ್ಲಿ ನಿಂತು ಓದಿ, ಸಂಜೆ ಪಕ್ಕದ ಲೇಔಟಿನ ಮಕ್ಕಳಿಗೆ ಟ್ಯೂಷನ್ ಹೇಳಿ ಫೀಸು ಕಟ್ಟಿಕೊಂಡೆ. ಯಾರ ಅನುಕಂಪವೂ ಬೇಕಾಗಿರಲಿಲ್ಲ. ಐದು ಸೆಮಿಸ್ಟರು ಒಂದೇ ಏಟಿಗೆ ಪಾಸಾದೆ. ಆರನೆಯದೊಂದು ಬಾಕಿ ಇತ್ತು. ಪರೀಕ್ಷೆಗೆ ಒಂದು ತಿಂಗಳಿರುವಾಗ ಒಂದು ಭಾನುವಾರ, ಕೊನೆಯ ರೋಗಿಯೂ ಎದ್ದು ಹೋದ ಮೇಲೆ, ದೊಡ್ಡಮ್ಮ ಉಳಿದ ಮದ್ದಿನ ಬಟ್ಟಲು ಹಿಡಿದು ನನ್ನ ಮುಂದೆ ನಿಂತಳು.

"ಕುಡಿ. ರಾತ್ರಿಯೆಲ್ಲ ಓದಿ ಮೈ ಉಷ್ಣ ಆಗೈತೆ. ಕಾಯ್ಲೆ ಬರ್ದಂಗೆ ಒಂದ್ ಬಟ್ಲು."

"ನಂಗೆ ಕಾಮಾಲೆ ಇಲ್ವಲ್ಲ ದೊಡ್ಡಮ್ಮ."

"ಬಂದ್ಮೇಲೆ ಕುಡಿಯಾದು ದಡ್ಡರು. ನೀನ್ ಓದಿರೋಳಲ್ವಾ?"

ಓದು ಹತ್ತಲ್ಲ ಎಂದವಳು ಈಗ ಪರೀಕ್ಷೆಗೆಂದು ಮದ್ದು ತಂದಿದ್ದಾಳೆ, ಸೋತೆ ಎನ್ನುವುದನ್ನು ಹೀಗೆ ಹೇಳುತ್ತಿದ್ದಾಳೆ ಎನ್ನಿಸಿ ನಾನು ಉಬ್ಬಿಹೋದೆ. ಮೂರು ವರ್ಷ ಕ್ರಿಮಿಗಳ ಪಾಠ ಓದಿದವಳು ಮೂಗು ಹಿಡಿದುಕೊಂಡು ಆ ಬಟ್ಟಲು ಬರಿದು ಮಾಡಿದೆ. ದೊಡ್ಡಮ್ಮನ ಮೇಲೆ ಎಷ್ಟೇ ಹೇಸಿಕೆ ಇರಲಿ, ಅವತ್ತಿನ ನನ್ನ ಮೇಲಿರುವಷ್ಟಿಲ್ಲ.

ಪರೀಕ್ಷೆಗೆ ಮೂರು ದಿನ ಇರುವಾಗ ಜ್ವರ ಬಂತು. ಅನ್ನದ ವಾಸನೆಗೇ ವಾಂತಿ. ಮೊದಲ ಪೇಪರಿನ ದಿನ ಕನ್ನಡಿ ನೋಡಿಕೊಂಡರೆ ಕಣ್ಣು ಅರಿಶಿನ. ಹಾಲ್ ಟಿಕೆಟ್ಟು ದಿಂಬಿನ ಕೆಳಗಿತ್ತು, ನಾನು ದಿಂಬಿನ ಮೇಲಿದ್ದೆ. ಒಂದು ಪೇಪರೂ ಬರೆಯಲಾಗಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು, "ಅತ್ತಿಗೆ ಆವತ್ತೇ ಹೇಳಿದ್ರು," ಎಂದು ತಮಗೆ ತಾವೇ ಹೇಳಿಕೊಂಡದ್ದು ನನಗೆ ಕೇಳಿಸಿತು. ಜ್ವರಕ್ಕಿಂತ ಅದು ಹೆಚ್ಚು ಸುಟ್ಟಿತು.

ಮೂರು ಭಾನುವಾರ ದೊಡ್ಡಮ್ಮ ಮದ್ದು ಕುಡಿಸಿದಳು. ಬೇಡ ಎನ್ನುವ ಶಕ್ತಿ ನನಗಿರಲಿಲ್ಲ. ಕ್ರಮೇಣ ಕಣ್ಣು ತಿಳಿಯಾಯಿತು. ಕಾಮಾಲೆಯಲ್ಲಿ ನೀರಿನಿಂದ, ಆಹಾರದಿಂದ ಹರಡುವ ಬಗೆ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ ಎಂದು ನಾನು ಓದಿದ್ದೆ. ದೊಡ್ಡಮ್ಮನ ಹೆಸರೆಲ್ಲ ನಿಂತಿದ್ದದ್ದು ಅದರ ಮೇಲೇ. ಆದರೆ ಜಗಲಿಯಲ್ಲಿ ಅವಳು ನನ್ನನ್ನು ಎಳೆದು ತೋರಿಸಿ, "ನೋಡ್ರಪ್ಪ, ಎತ್ತಕ್ಕಾಗ್ದಂಗ್ ಬಿದ್ದಿತ್ತು ಮಗು. ಎಬ್ಬಿಸ್ಲಿಲ್ವಾ?" ಎನ್ನುತ್ತಿದ್ದಳು.

ಪೂರ್ತಿ ಗುಣವಾದ ಮೇಲೆ ಒಂದು ಭಾನುವಾರ, ಇನ್ನೂ ಮಬ್ಬಿರುವಾಗಲೇ, ನಾನು ಅವಳ ಹಿಂದೆ ಹೋದೆ. ಈ ಸೊಪ್ಪು ಎಲ್ಲಿಂದ ಬರುತ್ತದೆ ಎಂದು ಮನೆಯಲ್ಲಿ ಯಾರೂ ಹೋಗಿ ನೋಡಿರಲಿಲ್ಲ. "ಕೆರೆ ಏರಿ ಮೇಲಿಂದ," ಎಂದು ಅವಳು ಹೇಳುತ್ತಿದ್ದಳು. ಆ ಕೆರೆ ನಾನು ಹುಟ್ಟುವ ಹೊತ್ತಿಗೇ ಲೇಔಟಾಗಿತ್ತು. ದೊಡ್ಡಮ್ಮ ಬರಿಗಾಲಲ್ಲಿ ಹಳೆ ಊರಿನ ಸಂದಿಗಳನ್ನು ದಾಟಿ, ಅಪಾರ್ಟ್‌ಮೆಂಟಿನ ಕಾಂಪೌಂಡಿನ ಬದಿಯಲ್ಲಿ ಇಳಿದು, ಮೋರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

ದೊಡ್ಡ ಮೋರಿ. ಮೇಲಿನ ಅಷ್ಟೂ ಮನೆಗಳ ಕಕ್ಕಸಿನ ನೀರು ಕಪ್ಪಗೆ, ನೊರೆ ಎದ್ದು ಹರಿಯುತ್ತಿತ್ತು. ಅಂಚಿನಲ್ಲಿ ಮಗುವಿನ ಡೈಪರು, ಸತ್ತ ಹೆಗ್ಗಣ, ಕೂದಲಿನ ಉಂಡೆ. ಹಿಂದಿನ ಮಳೆಗೆ ಮೋರಿ ಉಕ್ಕಿ ಹರಿದ ಕೆಸರು ದಡದ ಗಿಡಗಳ ಮೇಲೆ ಒಣಗಿ ಹತ್ತಿತ್ತು. ಆ ಗಿಡಗಳನ್ನೇ ಅವಳು ಬೇರುಸಮೇತ ಕಿತ್ತು ಮಡಿಲಿಗೆ ತುಂಬಿಕೊಳ್ಳುತ್ತಿದ್ದಳು. ನೆಲನೆಲ್ಲಿ. ಐದು ತಲೆಮಾರು ಬಾಯಿ ಬಿಡದ ಗುಟ್ಟು ಅದು, ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಬಿರುಕುಗಳಲ್ಲೂ ಬೆಳೆಯುವ ಕಳೆ.

"ದೊಡ್ಡಮ್ಮ! ಇಲ್ಲಿಂದಾನಾ?" ಎಂದು ಕೂಗಿದೆ.

ಅವಳು ತಿರುಗಿ, ಕಣ್ಣು ದೊಡ್ಡದು ಮಾಡಿ, ತುಟಿಯ ಮೇಲೆ ಬೆರಳಿಟ್ಟಳು. ಮಾತಾಡುವಂತಿಲ್ಲವಲ್ಲ.

"ಇದ್ರಲ್ಲಿ ಏನ್ ಹರೀತಿದೆ ಗೊತ್ತಾ? ಇದನ್ನ ತೊಳೀದೆ ಕುಡಿಸ್ತಿದ್ಯಾ? ಕಾಮಾಲೆ ಬರೋದೇ ಈ ನೀರಿಂದ ಕಣೇ!"

ಅವಳು ತಲೆ ಅಲ್ಲಾಡಿಸಿ ನಡೆದಳು. ದಾರಿಯುದ್ದಕ್ಕೂ ನಾನು ಬಯ್ಯುತ್ತ ಬಂದೆ, ಅವಳು ಕೈಸನ್ನೆಯಲ್ಲೇ ಬಯ್ಯುತ್ತ ಬಂದಳು. ನೋಡಿದವರು ಈ ಹುಡುಗಿ ಮೂಗಿಯ ಮೇಲೆ ಯಾಕೆ ಕೂಗಾಡುತ್ತಾಳೆ ಎಂದುಕೊಂಡಿರಬೇಕು. ಮನೆಯ ಜಗಲಿಯಲ್ಲಿ ಆಗಲೇ ಏಳು ಜನ ಇದ್ದರು. ನಾನು ಅವರ ಮುಂದೆ ನಿಂತು, "ಕುಡೀಬೇಡಿ. ಸೊಪ್ಪು ಮೋರಿದು. ನಾನೇ ನೋಡ್ದೆ. ಆಸ್ಪತ್ರೆಗೆ ಹೋಗಿ," ಎಂದೆ.

"ಏನಮ್ಮ, ನಮ್ಮಪ್ಪಂಗೂ ಇವ್ರೇ ಕೊಟ್ಟಿದ್ದು, ಎಪ್ಪತ್ತು ದಾಟಿದ್ರು," ಎಂದ ಒಬ್ಬ ಆಟೋದವನು.

"ಎರಡಕ್ಷರ ಕಲಿತ್ಬಿಟ್ರೆ ಹಿಂಗೇ. ಮನೆ ದೇವ್ರನ್ನೇ ಬೈತವೆ," ಎಂದಳು ಪಕ್ಕದ ಹೆಂಗಸು.

ಏಳು ಜನವೂ ಕುಡಿದರು. ಕೊನೆಯವನು ಎದ್ದು ಹೋದ ಮೇಲೆ ದೊಡ್ಡಮ್ಮ ಬಾಯಿ ತೆರೆದಳು. "ಮೋರಿ ಅಂತೆ, ಮೋರಿ! ನಮ್ಮತ್ತೆ ಕಿತ್ತಿದ್ದೂ ಅದೇ ಜಾಗ. ಜಾಗ ಬದಲಾಯ್ಸಂಗಿಲ್ಲ, ನೀರು ಸೋಕಿಸಂಗಿಲ್ಲ. ಮುಗೀತು."

ಅವಳ ಅತ್ತೆಯ ಕಾಲಕ್ಕೆ ಅದು ಕೆರೆ ಏರಿಯ ಮಳೆ ತೊಳೆದ ಹಸಿರು. ಆಗ ತೊಳೆಯದಿದ್ದರೂ ನಡೆಯುತ್ತಿತ್ತು. ಕೆರೆ ಹೋಗಿ ಮೋರಿ ಬಂತು. ಕಟ್ಟಳೆ ಮಾತ್ರ ಅಲ್ಲೇ ಕೂತಿತ್ತು.

ನಾನು ಮಡಿಲಿನಿಂದ ಉದುರಿದ ನಾಲ್ಕು ಕಡ್ಡಿ ಸೊಪ್ಪನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಮಾರನೆಯ ದಿನ ಕಾಲೇಜಿಗೆ ಹೋದೆ. ನಮ್ಮ ಲ್ಯಾಬಿನ ಮೇಡಂ ಅನುಮತಿ ಕೊಟ್ಟರು. ಅದು ಸುಲಭದ ಪರೀಕ್ಷೆ. ಗಾಜಿನ ಕೊಳವೆಯಲ್ಲಿ ನೇರಳೆ ಬಣ್ಣದ ದ್ರವ ಇರುತ್ತದೆ. ಸೊಪ್ಪು ಅಲುಬಿದ ನೀರನ್ನು ಅದಕ್ಕೆ ಹಾಕಿ ಎರಡು ದಿನ ಬೆಚ್ಚಗಿಡಬೇಕು. ಕೊಳಚೆಯ ಕ್ರಿಮಿ ಇದ್ದರೆ ಬಣ್ಣ ಹಳದಿಗೆ ತಿರುಗುತ್ತದೆ. ಪಕ್ಕದ ಇನ್ನೊಂದು ಕೊಳವೆಗೆ ಬರೀ ಕುದಿಸಿ ಆರಿಸಿದ ನೀರು ಹಾಕಿಟ್ಟೆ. ಎರಡು ದಿನ ಬೇಕಾಗಲಿಲ್ಲ. ಮಾರನೆಯ ಬೆಳಿಗ್ಗೆಯೇ ಸೊಪ್ಪಿನ ಕೊಳವೆ ಹಳದಿಯಾಗಿ ನೊರೆ ಕಟ್ಟಿತ್ತು, ನೀರಿನದು ನೇರಳೆಯಾಗಿಯೇ ಇತ್ತು. ಮೇಡಂ ಮೂಗು ಮುಚ್ಚಿಕೊಂಡು, "ಇದನ್ನ ಯಾರಾದ್ರೂ ಕುಡೀತಾರೇನ್ರೀ?" ಎಂದರು. ನಾನು ತಲೆ ತಗ್ಗಿಸಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

ಆ ಫೋಟೋವನ್ನು ದೊಡ್ಡಮ್ಮನ ಮುಂದೆ ಹಿಡಿದೆ. ಕ್ರಿಮಿ, ವೈರಸ್ಸು, ಯಾವ ಮಾತನ್ನೂ ಆಡಲಿಲ್ಲ. "ಎರಡೂ ಹಿಂದಿನ ದಿನ ಇದೇ ನೇರಳೆ ಬಣ್ಣ ಇದ್ವು. ಒಂದಕ್ಕೆ ಬರೀ ನೀರು ಹಾಕ್ದೆ. ಇನ್ನೊಂದಕ್ಕೆ ನಿನ್ನ ಸೊಪ್ಪು," ಎಂದೆ.

ಅವಳು ಮೊಬೈಲನ್ನು ಕಣ್ಣಿಗೆ ಹತ್ತಿರ ತಂದುಕೊಂಡಳು. ಎಷ್ಟೋ ವರ್ಷ ಚಿಪ್ಪಿನಲ್ಲಿ ಅನ್ನದ ಬಣ್ಣ ನೋಡಿ ರೋಗ ಹೇಳಿದವಳು. ಹಳದಿ ಎಂದರೆ ಏನು ಎಂದು ಅವಳಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

"ಇದಕ್ಕೆ ಕಾಮಾಲೆ ಹಿಡ್ದೈತೆ," ಎಂದಳು ಸಣ್ಣ ದನಿಯಲ್ಲಿ. ಮೊಬೈಲು ವಾಪಸು ಕೊಡುತ್ತ, "ನಿಂಗೆ ಬಂತಲ್ಲ, ಪರೀಕ್ಷೆ ಟೈಮಲ್ಲಿ..." ಎಂದು ನಿಲ್ಲಿಸಿದಳು.

ನಿಜ ಹೇಳಬೇಕೆಂದರೆ ನನ್ನ ಕಾಮಾಲೆ ಆ ಬಟ್ಟಲಿನಿಂದಲೇ ಬಂತು ಎನ್ನುವುದಕ್ಕೆ ನನ್ನಲ್ಲಿ ಸಾಕ್ಷಿ ಇರಲಿಲ್ಲ. ಅದೇ ತಿಂಗಳು ಕತ್ರಿಗುಪ್ಪೆಯ ಗಾಡಿಯಲ್ಲಿ ಪಾನಿಪೂರಿಯನ್ನೂ ತಿಂದಿದ್ದೆ. ಅದನ್ನು ಹೇಳಬಹುದಿತ್ತು. ಒಂದು ವರ್ಷ ಕಳೆದುಕೊಂಡ ಸಿಟ್ಟಿಗೆ ಹೇಳಲಿಲ್ಲ. "ಹೂಂ" ಎಂದುಬಿಟ್ಟೆ.

ಮುಂದಿನ ಭಾನುವಾರ ಅವಳು ಸೊಪ್ಪಿಗೆ ಹೋಗಲಿಲ್ಲ. ಜಗಲಿಯಲ್ಲಿ ಬರಿಗೈಯಲ್ಲಿ ಕೂತು, ಬಂದವರಿಗೆಲ್ಲ, "ಕೈಗುಣ ಹೊಂಟೋಯ್ತು ಕಣಪ್ಪ. ಆಸ್ಪತ್ರೆಗೆ ಹೋಗಿ, ರಕ್ತ ಕೊಟ್ಟು ನೋಡ್ಸಿ," ಎಂದಳು. ಮೋರಿಯ ಮಾತು ಎತ್ತಲಿಲ್ಲ, ನನ್ನ ಮಾತೂ ಎತ್ತಲಿಲ್ಲ. ಆದರೆ ಬೀದಿಗೆ ಗೊತ್ತಾಯಿತು. ಗಂಡ ಇಲ್ಲದಿದ್ದರೂ ಮದ್ದಿನವಳೆಂದು ಮದುವೆ ಮನೆಗಳಲ್ಲಿ ಮೊದಲ ತಾಂಬೂಲ ಅವಳಿಗೆ ಕೊಡುವುದಿತ್ತು, ಅದು ನಿಂತಿತು. ಅಪ್ಪ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು. "ಮನೆ ಮರ್ಯಾದೆ ತೆಗ್ದು ಪಾಸಾಗ್ಬೇಕಾ?" ಎಂದು ಅಮ್ಮನ ಹತ್ತಿರ ಹೇಳಿ ಕಳಿಸಿದರು. ಪಾಸಾಗಲೇಬೇಕಾಗಿತ್ತು. ಈಗ ಫೇಲಾದರೆ ಅಷ್ಟೂ ಜನರ ಬಾಯಲ್ಲಿ ನಾನು ಮದ್ದು ಕೆಡಿಸಿದ ದಡ್ಡಿಯಾಗಿ ಉಳಿಯುತ್ತಿದ್ದೆ. ಮುಂದಿನ ವರ್ಷ ನನಗಿಂತ ಚಿಕ್ಕವರ ಜೊತೆ ಕೂತು ಆರು ಪೇಪರನ್ನೂ ಬರೆದೆ. ಫಸ್ಟ್ ಕ್ಲಾಸ್ ಬಂತು.

ದೊಡ್ಡಮ್ಮ ಮದ್ದು ಬಿಟ್ಟಳೇ ಹೊರತು ಉಳಿದದ್ದನ್ನು ಬಿಡಲಿಲ್ಲ. ಸೊಳ್ಳೆ ಕಚ್ಚಿದರೆ ಕಡ್ಡಿಪುಡಿಯ ಎಂಜಲನ್ನು ಸವರುತ್ತಿದ್ದಳು. ನನ್ನ ಮೊಡವೆಗೂ ಒಮ್ಮೆ ಸವರಲು ಬಂದಳು. ನಾನು ಬಕೆಟ್ಟು ಒದ್ದು ಓಡಿದೆ. "ನಿನ್ ಡಿಗ್ರಿ ಮೊಡವೆ ಕಳೀತದಾ?" ಎಂದು ಹಿಂದಿನಿಂದ ಕೂಗಿದಳು. ಈಗ ನಾನು ಜೆ.ಪಿ. ನಗರದ ಒಂದು ಲ್ಯಾಬಿನಲ್ಲಿ ಕೈಗೆ ಗ್ಲೌಸು ಹಾಕಿಕೊಂಡು ದಿನವಿಡೀ ಊರಿನವರ ಮೂತ್ರ ಪರೀಕ್ಷೆ ಮಾಡುತ್ತೇನೆ. "ಅದನ್ನೇ ಮಾಡಕ್ಕೆ ಅಷ್ಟ್ ಓದಬೇಕಿತ್ತಾ ನೀನು?" ಎಂದು ಕೆಲಸ ಸಿಕ್ಕ ದಿನವೇ ಅವಳು ಕೇಳಿದ್ದಳು.

ಅವಳು ತೀರಿಕೊಂಡು ಒಂದೂವರೆ ವರ್ಷವಾಯಿತು. ಕೊನೆಯ ಸಲ ನೋಡಿದ್ದು ಕತ್ರಿಗುಪ್ಪೆಯ ಅವಳ ಮಗಳ ಮನೆಯಲ್ಲಿ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಳು. ನನ್ನ ಪದವಿ ಪ್ರಮಾಣಪತ್ರ ಬಂದ ದಿನ ಅಪ್ಪ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, "ಮೊದ್ಲು ಅತ್ತಿಗೆಗೆ ತೋರ್ಸಣ," ಎಂದರು. ಇಬ್ಬರೂ ಬಸ್ಸಿನಲ್ಲಿ ಹೋದೆವು. ದಾರಿಯಲ್ಲಿ ನಾನು ಅವಳಿಗೆ ಹೇಳಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡಿದ್ದೆ. ನೋಡಿದ್ಯಾ, ಹತ್ತಿತು ಎಂದು ಹೇಳುವವಳಿದ್ದೆ.

ಕೋಣೆಯಲ್ಲಿ ಬೆಡ್‌ಪ್ಯಾನಿನ ವಾಸನೆ. ಅವಳು ಗೋಡೆಗೆ ಒರಗಿ ಕೂತು ಎರಡೂ ಕೈ ಚಾಚಿದಳು. ನಾನು ಪತ್ರ ಕೊಟ್ಟೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಮುದ್ರೆಯನ್ನು, ನನ್ನ ಹೆಸರಿನ ಸಾಲನ್ನು ಅಪ್ಪ ಬೆರಳಿಟ್ಟು ತೋರಿಸಿದರು. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಅಪ್ಪನಿಗೆ, "ನೀನ್ ಸ್ವಲ್ಪ ಆಚೆ ಕೂತ್ಕೊಳಪ್ಪ," ಎಂದಳು. ಅಪ್ಪ ಎದ್ದು ಹೋದರು.

ಅವಳು ಪತ್ರವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮುಖ ನೋಡದೆ ಕೇಳಿದಳು:

"ಸುಜಾತ, ಇನ್ಮೇಲೆ ನೀನು ಸಮಾಧಾನಕ್ಕೆ ಅಂತ ಸುಳ್ಳು ಹೇಳಂಗಿಲ್ಲ, ಸರ್ಕಾರದೋರು ಬರ್ದು ಕೊಟ್ಟವ್ರೆ. ನನ್ ಕೈಯಿಂದ ಎಷ್ಟ್ ಜನಕ್ಕೆ ಹತ್ತಿರ್ಬೋದವ್ವ ಆ ಕಾಯ್ಲೆ?"